ಎರಡು ಬೆರಳು

ಗ್ದಿನ್ಯಾ ಬಂದರಿನ ಹಿಂದೆ, ಮೂರನೇ ಮಹಡಿಯಲ್ಲಿ
ನನ್ನ ಕೋಣೆ. ಎರಡು ಕುರ್ಚಿ, ಒಂದು ಗಡಿಯಾರ.
ಅದರ ಟಿಕ್‌ಟಿಕ್ ಬೇಡವೆಂದರು ಬೊಗುಮಿಲ್, ಮೊದಲ ದಿನವೇ.
ಸೆಲ್ ತೆಗೆದೆ. ಅಂದಿನಿಂದ ಅಲ್ಲಿ ಯಾವಾಗಲೂ ನಾಲ್ಕೂ ಹತ್ತು.

ಇಪ್ಪತ್ತಾರು ವರ್ಷ ರೈಲು ಓಡಿಸಿದ ಮನುಷ್ಯ.
ಕೈ ತೊಡೆಯ ಮೇಲಿಟ್ಟು ಕೂರುತ್ತಾರೆ;
ಬಲಗೈ ಮಾತ್ರ, ಅವರಿಗೇ ತಿಳಿಯದೆ,
ಇಲ್ಲದ ಬ್ರೇಕನ್ನು ಎಳೆಯುತ್ತಲೇ ಇರುತ್ತದೆ.

"ನಿಲ್ಲಲು ಏಳುನೂರು ಮೀಟರ್ ಬೇಕು ಮೇಡಂ.
ಇದ್ದದ್ದು ತೊಂಬತ್ತು."
ಲೆಕ್ಕ ಅವರಿಗೆ ಗೊತ್ತು. ವಿಚಾರಣೆಯವರಿಗೂ ಗೊತ್ತು.
ಕಾಗದದ ಮೇಲೆ ಅವರು ನಿರಪರಾಧಿ, ಠಸ್ಸೆ ಸಮೇತ.
ರಾತ್ರಿಗೆ ಮಾತ್ರ ಕಾಗದ ಓದಲು ಬರುವುದಿಲ್ಲ.

ಹುಡುಗ ತಿರುಗಿ ನೋಡಿದನಂತೆ.
ಹಳದಿ ಟೊಪ್ಪಿಗೆ. ಅಷ್ಟೇ.
ಅಷ್ಟನ್ನು ಹೇಳಲು ಐದು ವಾರ ಹಿಡಿಯಿತು;
ಅಲ್ಲಿಯತನಕ ನಾವು ಮಾತಾಡಿದ್ದು ಉಸಿರಿನ ಬಗ್ಗೆ,
ಅವರ ಹೆಂಡತಿ ಹಾಕುವ ಸೌತೆಯ ಉಪ್ಪಿನಕಾಯಿಯ ಬಗ್ಗೆ,
ಪಾದದಡಿ ನೆಲ ಇದೆ ಎಂಬುದರ ಬಗ್ಗೆ.
ಗಾಯ ಮುಟ್ಟುವ ಮೊದಲು ಕೈ ಬೆಚ್ಚಗಾಗಬೇಕು.

ಆರನೇ ವಾರ ಎರಡು ಬೆರಳು ಎತ್ತಿದೆ.
"ತಲೆ ಅಲುಗಿಸಬೇಡಿ. ಕಣ್ಣು ಮಾತ್ರ ಹಿಂಬಾಲಿಸಲಿ."
ಎಡ, ಬಲ. ಎಡ, ಬಲ.
ನಕ್ಕುಬಿಟ್ಟರು: "ನನ್ನಜ್ಜಿ ಹೀಗೇ ದೃಷ್ಟಿ ತೆಗೆಯುತ್ತಿದ್ದಳು,
ಕೋಳಿಮೊಟ್ಟೆ ಹಿಡಿದು."
ನಾನೂ ನಕ್ಕೆ. ಇದು ಹೇಗೆ ನಾಟುತ್ತದೆಂದು
ನನಗೂ ಪೂರ್ತಿ ತಿಳಿಯದು; ಓದಿದ್ದೇನೆ, ಕಂಡಿದ್ದೇನೆ.

ಎಡ, ಬಲ.
ಟೊಪ್ಪಿಗೆ. ಹಳಿ. ಸೀಟಿ. ಮತ್ತೆ ಟೊಪ್ಪಿಗೆ.
ಬೆವರು. "ನಿಲ್ಲಿಸೋಣವೇ?"
"ಬೇಡ."
ಎಡ, ಬಲ,
ಆಮೇಲೆ, ಎಲ್ಲಿಂದಲೋ, ಅಂದರು:
"ಅವತ್ತು ಹಿಮ ಬೀಳುತ್ತಿತ್ತು.
ಇಷ್ಟು ದಿನ ಹಿಮವೇ ಇರಲಿಲ್ಲ ನೋಡಿ,
ಅವನೊಬ್ಬನೇ ಇದ್ದ."

ಹಿಮದ ಹಿಂದೆ ಒಂದು ಬೇಲಿ ಬಂತು,
ಬೇಲಿಗೆ ಒರಗಿಸಿದ ಸೈಕಲ್ಲು, ಯಾರದೋ ಮನೆಯ ಹೊಗೆ,
ಬ್ರೇಕು ಒತ್ತಿದ ತಮ್ಮದೇ ಕೈ.
"ಒತ್ತಿದ್ದೆ," ಅಂದರು. "ನಾನು ಒತ್ತಿದ್ದೆ."
ತೊಡೆಯ ಮೇಲಿನ ಬಲಗೈ ಅಂಗೈ ಮೇಲಾಗಿ
ಸುಮ್ಮನೆ ಮಲಗಿತ್ತು.

ಮರೆವಲ್ಲ ಇದು. ಮರೆವನ್ನು ಯಾರಿಗೂ ಮಾರಿಲ್ಲ ನಾನು.
ಹುಡುಗ ಈಗಲೂ ತಿರುಗಿ ನೋಡುತ್ತಾನೆ,
ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ.

ಮೇ ತಿಂಗಳಲ್ಲಿ ಟಿಕೆಟ್ ಕೊಂಡು ರೈಲು ಹತ್ತಿದರು,
ತ್ಚೆವ್ ತನಕ, ಹಿಮ್ಮುಖದ ಸೀಟಿನಲ್ಲಿ.
ಆ ತಿರುವಿನಲ್ಲಿ ಕಣ್ಣು ಮುಚ್ಚಲಿಲ್ಲವಂತೆ.
ಟಿಕೆಟ್ಟನ್ನು ನನ್ನ ಮೇಜಿನ ಮೇಲಿಟ್ಟರು,
ಶಾಲೆಯ ಹುಡುಗ ಅಂಕಪಟ್ಟಿ ಇಡುವ ಹಾಗೆ.

ಹೊರಡುವಾಗ ಗೋಡೆ ನೋಡಿ,
"ಇದಕ್ಕಿನ್ನು ಸೆಲ್ ಹಾಕಿ" ಅಂದರು.
ಹಾಕಿಲ್ಲ ಇನ್ನೂ. ಗುರುವಾರ
ಹಡಗಿನ ಅಡುಗೆಯವನೊಬ್ಬ ಬರುವವನಿದ್ದಾನೆ.
ಅವನನ್ನೂ ಒಂದು ಮಾತು ಕೇಳಬೇಕು.