ಮೈನಸ್ ಮೂವತ್ತೊಂದು

ನ್ಯೂಲಿನ್ ಬಂದರಿನ ಮೇಲಿನ ದಿಬ್ಬದಿಂದ
ಕಲ್ಲುಗೋಡೆಯ ಮರೆಯಲ್ಲಿ ನಿಂತು ಹಾರಿಸಿದೆ ಡ್ರೋನನ್ನು.
ಕೆಳಗೆ ಮುಚ್ಚಿಹೋದ ಐಸ್ ಕಾರ್ಖಾನೆ,
ಅದರ ಸ್ಲೇಟು ಮಾಡಿನಲ್ಲಿ ಎಲ್ಲೋ ಒಂದು ಸೋರಿಕೆ,
ಹುಡುಕಿಕೊಡುವುದು ನನ್ನ ಇವತ್ತಿನ ಕೂಲಿ.

ಇಳಿಜಾರಿನಗುಂಟ ಇಳಿಯಿತು ಅದು,
ಚಿಮಣಿಗಳ ದಾಟಿ, ಒಣಹಾಕಿದ ಬಲೆಗಳ ದಾಟಿ.
ಪರದೆಯ ಮೂಲೆಯಲ್ಲಿ ಅಂಕಿ:
ಮೈನಸ್ ಮೂವತ್ತೊಂದು.

"ಎಷ್ಟೆತ್ತರ?" ಅಂದ ಜೋರಿ ನ್ಯಾನ್‌ಕ್ಯಾರೋ,
ಥರ್ಮಾಸಿನ ಮುಚ್ಚಳಕ್ಕೆ ಚಹಾ ಬಗ್ಗಿಸುತ್ತ.
ಹೇಳಿದೆ.
"ಮೀನು ಹಿಡಿಯೋಕೆ ಕಳಿಸಿದೀಯೇನು?"

ಅದಕ್ಕೇನು ಗೊತ್ತು ಪಾಪ.
ಮೋಟಾರು ತಿರುಗಿದ ಜಾಗವೇ ಅದಕ್ಕೆ ಸೊನ್ನೆ.
ಒದ್ದೆ ಹುಲ್ಲು, ನನ್ನ ಬೂಟು, ಒಂದು ಬಸವನಹುಳು,
ಅಲ್ಲಿಂದ ಮೇಲಿದ್ದರೆ ಕೂಡು, ಕೆಳಗಿದ್ದರೆ ಕಳೆ.
ಹೂವಾಡಗಿತ್ತಿಯ ಮೊಳದ ಹಾಗೆ:
ಇಷ್ಟೇನಾ ಎಂದು ಕೇಳಿದರೆ
ಕೈ ಚಾಚಿ ತೋರಿಸುತ್ತಾಳೆ, ಇದೇ ನನ್ನ ಕೈ.

ಅದರ ಹೊಟ್ಟೆಯಲ್ಲಿ ಅಕ್ಕಿಕಾಳಿನಷ್ಟು ಒಂದು ಪೊರೆ.
ಗಾಳಿ ಒತ್ತುತ್ತದೆ; ಏರಿದರೆ ಒತ್ತು ಕಡಿಮೆ.
ಇಷ್ಟೇ ವಿದ್ಯೆ.
ಘಾಟಿಯ ಬಸ್ಸಿನಲ್ಲಿ ಕಿವಿ ಗಪ್ಪೆಂದು ಮುಚ್ಚಿ
ಉಗುಳು ನುಂಗಿದಾಗ ಫಟ್ಟೆಂದು ತೆರೆಯುತ್ತದಲ್ಲ,
ಆ ಕಿವಿಗೇ ಮಗ್ಗಿ ಕಲಿಸಿಟ್ಟ ಹಾಗೆ.

ಉಪಗ್ರಹಗಳ ಮಾತೇ ಬೇರೆ.
ಅವುಗಳ ಲೆಕ್ಕ ಬಿಚ್ಚಿ ನೋಡಿದರೆ
ದೋಣಿ ಕಟ್ಟಿದ ನೀರೇ ಐವತ್ತಮೂರು ಮೀಟರ್ ಮೇಲೆ!
ಅವಕ್ಕೆ ಭೂಮಿ ಎಂದರೆ ಉಜ್ಜಿ ನುಣುಪು ಮಾಡಿದ ಒಂದು ಗುಂಡು.
ಕಡಲು ಆ ನುಣುಪಿಗೆ ಬಗ್ಗಿದ್ದಲ್ಲ,
ಇಲ್ಲಿ ಉಬ್ಬಿದೆ, ಇನ್ನೆಲ್ಲೋ ತಗ್ಗಿದೆ.
ಇನ್ನು ಕೆಳಗೆ ನೋಡುವ ಕಣ್ಣು ನೀರು ಕಂಡರೆ ಮಂಕು,
ಅಲೆ ಸರಿದರೆ ತಾನೇ ಸರಿದೆನೆಂದು
ಅದರ ಹಿಂದೆ ಹೊರಟುಬಿಡುತ್ತದೆ.

ತಮಾಷೆಯೆಂದರೆ ಈ ದೇಶದ ಸೊನ್ನೆ ಇರುವುದು ಇಲ್ಲೇ.
ದೀಪಸ್ತಂಭದ ಪಕ್ಕದ ಪುಟ್ಟ ಕೋಣೆಯಲ್ಲಿ
ನೂರು ವರ್ಷದ ಹಿಂದೆ ಯಾರೋ ಕೂತು
ಆರು ವರ್ಷ ಭರತ ಇಳಿತ ಬರೆದು ಸರಾಸರಿ ಕಟ್ಟಿದರು,
ಹಿತ್ತಾಳೆಯ ಒಂದು ಮೊಳೆ ನೆಟ್ಟರು.
ಸ್ಕಾಟ್‌ಲೆಂಡಿನ ಬೆಟ್ಟಕ್ಕೂ ಆ ಮೊಳೆಯ ಲೆಕ್ಕವೇ.
ಆಮೇಲೆ ಕಡಲು ಒಂದು ಗೇಣು ಏರಿದೆ,
ಮೊಳೆಗೆ ಯಾರೂ ಹೇಳಿಲ್ಲ.

ಪಡುವಣದಿಂದ ಮೋಡ ಬಂತು.
ಡ್ರೋನ್ ವಾಪಸ್ಸು ಬಂದು ಅದೇ ಹುಲ್ಲಿನ ಮೇಲೆ
ಅದೇ ಬಸವನಹುಳುವಿನ ಪಕ್ಕ ಕೂತಿತು.
ರೆಕ್ಕೆ ನಿಂತವು. ಪರದೆಯಲ್ಲಿ: ನಾಲ್ಕು ಮೀಟರ್.
ಹವೆಯ ಒತ್ತಡ ಕುಸಿದಿತ್ತು ಅಷ್ಟೇ,
ಅದು ನೆಲದಲ್ಲಿ ಕೂತುಕೊಂಡೇ ಹಾರುತ್ತಿತ್ತು.
"ಎರಡನೇ ಗ್ಲಾಸಿಗೆ ನಾನೂ ಹೀಗೇ" ಅಂದ ಜೋರಿ.

ಆ ಮಾಡಿನಿಂದಲೇ ಅವನು ಬಿದ್ದದ್ದು, ತೊಂಬತ್ತೊಂದರಲ್ಲಿ.
ಎಷ್ಟು ಎತ್ತರ ಎಂದು ಕೇಳಬಾರದಿತ್ತು, ಕೇಳಿದೆ.
ಏಣಿಯಲ್ಲಿ ಇಪ್ಪತ್ತೇಳು ಮೆಟ್ಟಿಲು, ಅಂದ.
ಬೀಳುವಾಗ ಹೆಂಡತಿಯನ್ನು ಕೂಗಿದನಂತೆ:
"ಲವ್ ಅನ್ನುವಷ್ಟರಲ್ಲಿ ನೆಲ ಬಂತು,
ಡೇ ಅಂದದ್ದು ಮೂರು ದಿನ ಬಿಟ್ಟು, ಆಸ್ಪತ್ರೆಯಲ್ಲಿ."
ಚಹಾದ ಮುಚ್ಚಳ ಕೊಡವಿ ತಿರುಗಿಸಿ ಮುಚ್ಚಿದ.

ಸೋರಿಕೆ ಸಿಕ್ಕಿತು, ಸೂರಿನ ಅಂಚಿಗೆ,
ಜಾರಿದ ಒಂದು ಸ್ಲೇಟಿನ ಕೆಳಗೆ.
ವರದಿಯ ಹಾಳೆಯಲ್ಲಿ ಒಂದೇ ಚೌಕ: ಎತ್ತರ.
ಏಳೂವರೆ ಮೀಟರ್ ಎಂದು ತುಂಬಿದೆ.
ಯಾವುದರಿಂದ ಎಂದು ಬರೆಯಲು ಜಾಗವಿರಲಿಲ್ಲ.
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಸಣ್ಣಗೆ ಸೇರಿಸಿದೆ:
ಜೋರಿ ಬಿದ್ದ ಅಂಗಳದಿಂದ.