ಇಪ್ಪತ್ತು ರೂಪಾಯಿ ಚೀಟಿ

ದಿವೆ ಘಾಟ್ ಹತ್ತಿ ಸಾಸ್ವಡದ ಕಡೆ ಇಳಿದರೆ
ದಸರೆಗೆ ಎಂಟು ದಿನ ಮೊದಲಿನ
ಚೆಂಡುಹೂವಿನ ಹೊಲ.
ಬೇಲಿಗೆ ರಟ್ಟಿನ ಫಲಕ: ಒಳಗೆ ಬರಲು ಇಪ್ಪತ್ತು ರೂಪಾಯಿ.
ಎರಡು ಚೀಟಿ ಕೊಂಡೆ.

ಹಡಪಸರದ ಸಿಗ್ನಲ್ಲಿನಲ್ಲಿ ಹೂ ಮಾರುವ ಗುರುಬಾಯಿ
ನನ್ನ ಸ್ಕೂಟರಿನ ಹಿಂದೆ ಕೂತು
ದಾರಿಯುದ್ದಕ್ಕೂ ಆಡಿದ್ದು
ಗುಲ್‌ಟೇಕಡಿಯ ದರದ ಮಾತು.

ಈಗ ಸುಮ್ಮನಾದಳು.
ಒಂದು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು
ಹೂವಿನಿಂದ ಕೆಳಕ್ಕೆ, ಇನ್ನೂ ಕೆಳಕ್ಕೆ ಬೆರಳಿಳಿಸಿ
ಮಣ್ಣು ಮುಟ್ಟಿದಳು.
'ನಲವತ್ತು ವರ್ಷ ಚೀಲದಾಗ ಬರೇ ರುಂಡ ಬಂದಾವ ನೋಡವ್ವ.
ಇವಕ್ಕ ಮೈ ಇಷ್ಟುದ್ದ ಐತಿ ಅಂತ
ಯಾರ ಹೇಳಬೇಕಿತ್ತು?'

ಆಚೆ ಹಳದಿ ಸೀರೆಯ ಮದುಮಗಳೊಬ್ಬಳು
ಗಾಳಿಗೆ ಕಾಯುತ್ತ ಸೆರಗು ಹಿಡಿದು ನಿಂತಿದ್ದಳು;
ಕ್ಯಾಮೆರಾದವನು ಅರ್ಧ ಸಾಲು ತುಳಿದಿದ್ದ.

ಹೊಲದವನು ಬಂದ. ಇವಳ ಸೀರೆ ನೋಡಿದ,
ಹೆಬ್ಬೆರಳಿನ ಮೇಲೆ ದಾರ ಕೊರೆದ ಗೀರು ನೋಡಿದ,
ಬುಟ್ಟಿ ಚಾಚಿ ಮರಾಠಿಯಲ್ಲಿ ಕೇಳಿದ:
ಕೊಯ್ಯಲು ಬಂದವಳೇ? ಇಷ್ಟು ತಡವೇ?

ಗುರುಬಾಯಿ ಏಳಲಿಲ್ಲ.
ಕುಪ್ಪಸದೊಳಗಿನ ಚೀಟಿ ತೆಗೆದು
ಮಡಿಕೆ ಬಿಚ್ಚಿ
ಅವನೆದುರು ಹಿಡಿದಳು.
ಕನ್ನಡದಲ್ಲೇ ಅಂದಳು: ನೋಡಾಕ ಬಂದೀನಿ.

ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ,
'ನಾಡಿದ್ದ ಕೊಯ್ದರ ಚಲೋ.'