ಚಕ್ರ ಮೇಲೆದ್ದ ವಾರ

ಏರಿಯಾ ಹಕ್ಕು ಕೊಳ್ಳುವ ಮುನ್ನ ಮಂಡ್ಯದಿಂದ
ನಂಜುಂಡಶೆಟ್ಟರು ಬರುತ್ತಿದ್ದರು,
ಕೈಯಲ್ಲಿ ಕಾಲು ಕೇಜಿ ಖಾರಾಬೂಂದಿ,
ಬಾಯಲ್ಲಿ ಇನ್ನೂ ಬಿಡುಗಡೆಯಾಗದ ಕಥೆ.
ಬಿಸಿಲು ಕುಂತಿಬೆಟ್ಟದ ಕಡೆ ವಾಲಿದ ಹೊತ್ತು,
ಪಾಂಡವಪುರದ ಗಿರಿಜಾ ಟಾಕೀಸಿನ ಸೈಕಲ್ ಸ್ಟ್ಯಾಂಡಿನಲ್ಲಿ
ಡ್ರಾಮಾ ಮೇಷ್ಟ್ರು ಜವರಾಯಿ
ಹಾರ್ಮೋನಿಯಂ ಪೆಟ್ಟಿಗೆ ತೊಡೆಗೊರಗಿಸಿ ಕಣ್ಣು ಮುಚ್ಚಿ ಕೇಳುವರು.
ಹೆಂಗಸರ ಕೌಂಟರಿನ ಕಿಂಡಿಯೊಳಗೆ
ಟಿಕೆಟ್ಟಿಗೆ ಸೀಲು ಒತ್ತುತ್ತಾ ನಾನೂ.

"ಅಕ್ಕನ ಮೇಲೆ ಸಾಹುಕಾರನ ಕಣ್ಣು, ತಮ್ಮ ಊರಲ್ಲಿಲ್ಲ..."
ಶೆಟ್ಟರು ಮುಗಿಸುವ ಮೊದಲೇ,
"ಕೀಚಕನ ಕತೆ ಕಣಪ್ಪ.
ಅಡುಗೆಮನೇಲಿ ಭೀಮ ಅವ್ನೆ ಅಂತ ಜನಕ್ಕೆ ಗೊತ್ತಾ?
ಗೊತ್ತಿದ್ರೆ ಐದು ವಾರ.
ಕೊನೇಗೆ ಗೊತ್ತಾಯ್ತದೆ ಅಂದ್ರೆ ಪೆಟ್ಟಿಗೆ ವಾಪಸ್ ಕಳ್ಸು."

ಭಸ್ಮಾಸುರ ಅಂದರೆ ಮೂರು ದಿನ ಹೌಸ್‌ಫುಲ್ಲು,
ಸೋಮವಾರ ತನ್ನ ತಲೆಗೆ ತಾನೇ ಕೈ.
ಉತ್ತರಕುಮಾರ ಅಂದರೆ ಪೋಸ್ಟರಲ್ಲಷ್ಟೇ ಗೆಲ್ಲುವವನು.
ಒಂದಕ್ಕೆ ತ್ರಿಶಂಕು ಅಂದರು, ಅದು
ಸೆನ್ಸಾರಿನಲ್ಲೇ ನೇತಾಡಿತು, ಇವತ್ತಿಗೂ ಇಳಿದಿಲ್ಲ.
ಸಕ್ಕರೆ ಕಾರ್ಖಾನೆಯ ಹಳೇ ಲೆಜರಿನಲ್ಲಿ ಬರೆದಿಡುತ್ತಿದ್ದರು:
ಟನ್ನಿನ ಜಾಗದಲ್ಲಿ ವಾರ,
ಕಬ್ಬು ತಂದವನ ಹೆಸರಿನ ಜಾಗದಲ್ಲಿ ಪುರಾಣ.
ತಪ್ಪಿದಾಗ "ಮಳೆ" ಅನ್ನುವರು, ಇಲ್ಲವೇ "ಪರೀಕ್ಷೆ",
ಒಮ್ಮೆ "ಗ್ರಹಣ". ಆವತ್ತು ಗ್ರಹಣವೇ ಇರಲಿಲ್ಲ.

ಒಂದು ದಿನ ಕೇಳಿದೆ,
ಕತೆ ಮೊದಲೇ ಗೊತ್ತಿದ್ರೆ ದುಡ್ಡು ಯಾಕೆ ಕೊಡ್ತಾರೆ?
"ಕರ್ಣ ಸಾಯ್ತಾನೆ ಅಂತ ಯಾರಿಗೆ ಗೊತ್ತಿಲ್ಲ ಕೆಂಪಾಜಮ್ಮ?
ಬೆಳಗಿನ ಜಾವ ನಾಕು ಗಂಟೆ, ಇಬ್ಬನೀಲಿ
ಗೋಣಿಚೀಲ ಹೊದ್ಕೊಂಡು ಕಾಯ್ತರಲ್ಲ.
ಗೊತ್ತಿರಾದು ಬರಗಂಟ ಎದ್ದಿರಾದೇ ಆಟ."

ಸುತ್ತ ಮೂವತ್ತು ಹಳ್ಳಿಯ ಕರ್ಣರಿಗೆ
ಸಾಯುವುದ ಕಲಿಸಿದವರು ಅವರೇ.
ಸೊಸೈಟಿ ಸೆಕ್ರೆಟರಿ, ಪಂಪ್‌ಸೆಟ್ ರಿಪೇರಿಯವನು,
ಒಬ್ಬೊಬ್ಬನ ಹೆಗಲಿಗೂ ಕೈಯೂರಿ,
"ಎಳಿ. ಇನ್ನೂ ಎಳಿ. ಆದ್ರೆ ಚಕ್ರ ಬರಬಾರ್ದು."

ಆ ದೀಪಾವಳಿಗೆ ಶೆಟ್ಟರು ತಂದ ಕಥೆ:
ಕಾಲುವೆಗೆ ತಾಯಿ ಬಿಟ್ಟ ಮಗು,
ಲಾರಿ ಡ್ರೈವರು ಸಾಕಿದ ಮಗು,
ಬೆಳೆದು ಒಡಹುಟ್ಟಿದವರ ಎದುರೇ ನಿಂತದ್ದು.
ಮೇಷ್ಟ್ರು ಕಣ್ಣು ಬಿಟ್ಟರು. "ನೂರು ದಿನ." ಆಮೇಲೆ,
"ಕೊನೇಲಿ?"
"ಕೆಸರಲ್ಲಿ ಹೂತ ಲಾರಿ ಚಕ್ರ, ಹೀರೋ ಒಬ್ಬನೇ ಎತ್ತುತ್ತಾನೆ.
ಸತ್ತರೆ ಅಭಿಮಾನಿಗಳು ಸ್ಕ್ರೀನ್ ಹರೀತಾರೆ ಮೇಷ್ಟ್ರೇ."
ಲೆಜರು ಮುಚ್ಚಿದರು.
"ಚಕ್ರ ಎದ್ಮೇಲೆ ಕರ್ಣ ಎಲ್ಲವ್ನೆ? ಒಂದು ವಾರ."

ಶೆಟ್ಟರು ಕೈಬಿಟ್ಟರು, ಮೈಸೂರಿನ ಯಾರೋ ಕೊಂಡರು.

ಹದಿನಾಲ್ಕು ವಾರ.
ನನ್ನ ಕಿಂಡಿಯ ಸಾಲು ಸೈಕಲ್ ಸ್ಟ್ಯಾಂಡ್ ದಾಟಿ
ಬೇಕರಿ ಬಳಸಿ ರಸ್ತೆಗಿಳಿಯಿತು.
ಕಬ್ಬಿನ ಸೋಗೆ ಗೀರಿದ ಕೈಗಳು,
ನೋಟಿಗೆ ಆಲೆಮನೆಯ ಅಂಟು.
ಮೂರನೇ ಸಲ ಬಂದ ಒಬ್ಬಾಕೆ ಸೆರಗಿನ ಗಂಟು ಬಿಚ್ಚುತ್ತಾ
"ಸಾಯಾದ ದಿನಾ ನೋಡ್ತೀವಿ, ಬುಡಿ.
ಇವ್ನಾದ್ರೂ ಬದುಕ್ಲಿ" ಅಂದಳು,
ಚಿಲ್ಲರೆ ಮರೆತು ಒಳಗೋಡಿದಳು.

ಕೊನೆಯ ಗುರುವಾರ, ಸೆಕೆಂಡ್ ಶೋ.
ಗಂಡಸರ ಕೌಂಟರಿನ ಹುಡುಗನ ಕಣ್ಣು ತಪ್ಪಿಸಿ
ನನ್ನ ಕಿಂಡಿಗೆ ಒಂದು ಕೈ ಬಂತು.
ಗಾಂಧಿ ಕ್ಲಾಸು, ಒಂದು.
ತುದಿ ಚಪ್ಪಟೆಯಾದ ಬೆರಳು, ಮುಖಕ್ಕೆ ಟವೆಲ್ಲು.
ನಾನು ಗುರುತು ಹಿಡಿಯಲಿಲ್ಲ.

ಕ್ಲೈಮ್ಯಾಕ್ಸಿಗೆ ಬಾಗಿಲ ಪರದೆ ಸರಿಸಿ ನೋಡಿದೆ.
ತೆರೆಯಲ್ಲಿ ಕೆಸರು, ಟೈರು, ಭುಜ.
ಬೆಂಚಿನ ತುದಿಯಲ್ಲಿ ಮೇಷ್ಟ್ರ ಹೆಗಲು
ಮುಂದಿನ ಸೀಟನ್ನು ಒತ್ತುತ್ತಿತ್ತು,
ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು.
"ಬಾ," ಅಂದರು. "ಬಾರೋ."

ಲೆಜರು ಈಗ ನನ್ನ ಹತ್ತಿರ ಇದೆ.
"ಒಂದು ವಾರ" ಅಂತ ಬರೆದದ್ದನ್ನು ಹೊಡೆದುಹಾಕಿಲ್ಲ.
ಅದರ ಕೆಳಗೆ ಬೇರೆ ಇಂಕಿನಲ್ಲಿ, ಸಣ್ಣಕ್ಷರದಲ್ಲಿ:
ಮಳೆ ಇರಲಿಲ್ಲ.
ಗ್ರಹಣವೂ ಇರಲಿಲ್ಲ.